ಸಾಧಕರ ಪಟ್ಟಿ ಬರೆಯುವವರು ಯಾರು?

೧

ಕೆಲವು ವರ್ಷಗಳ ಹಿಂದೆ ಹಳಿಯಾಳದ ಕಡೆ ಒಂದು ಸನ್ಮಾನ ಸಮಾರಂಭಕ್ಕೆ ಹೋಗಿದ್ದೆ. ಯಾರು ನಡೆಸಿದರು, ಯಾವ ಸಭಾಭವನ ಎಂಬುದು ಇಲ್ಲಿ ಮುಖ್ಯವಲ್ಲ. ಅಂಥ ಸಮಾರಂಭಗಳು ದಾಂಡೇಲಿಯಲ್ಲೂ ನಡೆಯುತ್ತವೆ, ಮುಂಡಗೋಡಿನಲ್ಲೂ ನಡೆಯುತ್ತವೆ. ‘ಸಿದ್ದಿ ಸಮುದಾಯದ ಸಾಧಕರು’ ಅಂತ ಬ್ಯಾನರು ಕಟ್ಟಿದ್ದರು. ವೇದಿಕೆಯ ಮೇಲೆ ಆರೇಳು ಜನ ಹುಡುಗ ಹುಡುಗಿಯರು. ಅವರಲ್ಲಿ ಒಬ್ಬಾಕೆ ಬಿ.ಎ., ಬಿ.ಇಡಿ. ಮುಗಿಸಿದವಳು. ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ ಎಲ್ಲ ಆಯಿತು. ಆಮೇಲೆ ನಿರೂಪಕರು ಮೈಕಿನಲ್ಲಿ, "ಈಗ ನಮ್ಮ ಸಾಧಕರು ಡಮಾಮಿ ಕುಣಿತ ತೋರಸ್ತಾರ, ಜೋರು ಚಪ್ಪಾಳಿ" ಅಂದರು. ಶಾಲು ಹೊದ್ದುಕೊಂಡೇ ನಿಂತಿದ್ದ ಆ ಹುಡುಗಿ ಒಂದು ಗಳಿಗೆ ಅತ್ತಿತ್ತ ನೋಡಿದಳು. ನಂತರ ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟು ಕುಣಿದಳು. ಜನ ಸಿಳ್ಳೆ ಹಾಕಿದರು.

ಕೆಳಗಿಳಿದು ಬಂದಮೇಲೆ ನನ್ನ ಪಕ್ಕದಲ್ಲಿ ಕೂತು ಹೇಳಿದ ಮಾತು ಇದು: "ಸರ, ಬಿ.ಇಡಿ. ಸರ್ಟಿಫಿಕೇಟು ಬ್ಯಾಗಿನ್ಯಾಗ ಇತ್ರೀ. ಏನ್ ಓದೀಯವ್ವಾ, ಏನ್ ಓದ್ಸ್ತೀ ಅಂತ ಒಬ್ರೂ ಕೇಳಲಿಲ್ಲ. ಕುಣೀ ಅಂದ್ರು." ಆಕೆಗೆ ಕುಣಿತದ ಬಗ್ಗೆ ನಾಚಿಕೆಯಿರಲಿಲ್ಲ. "ಮನ್ಯಾಗ ನಮ್ಮ ಅಜ್ಜೀ ಜೋಡಿ ಕುಣೀತೀನ್ರೀ, ಅದು ಬ್ಯಾರೆ" ಅಂತಲೂ ಅಂದಳು. ಆ ‘ಬ್ಯಾರೆ’ ಎಂಬ ಪದದ ಅರ್ಥವನ್ನು ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ದಲಿತ ವಿಮರ್ಶೆ ಎಂದರೆ ದಲಿತ ಕಥೆ, ಕವಿತೆಗಳ ವಿಮರ್ಶೆ ಮಾತ್ರವೆಂದು ನಾವು ಬಹುಕಾಲ ನಂಬಿಕೊಂಡು ಬಂದಿದ್ದೇವೆ. ಸನ್ಮಾನಪತ್ರವೂ ಒಂದು ಬರಹ. ‘ಸಮುದಾಯದ ಮೊದಲ ಪದವೀಧರ’ ಎಂಬ ಪತ್ರಿಕೆಯ ತಲೆಬರಹವೂ ಒಂದು ಬರಹ. ಸಾಧಕರ ಪಟ್ಟಿ ನಮ್ಮ ಕಾಲದಲ್ಲಿ ಅತಿ ಹೆಚ್ಚು ಓದುಗರಿರುವ ಸಾಹಿತ್ಯ ಪ್ರಕಾರ. ಅದನ್ನು ಯಾರು ಬರೆಯುತ್ತಾರೆ, ಯಾರಿಗಾಗಿ ಬರೆಯುತ್ತಾರೆ, ಬರೆಯುವಾಗ ಏನನ್ನು ಬಿಟ್ಟುಬಿಡುತ್ತಾರೆ ಎಂದು ಕೇಳುವುದು ವಿಮರ್ಶೆಯ ಕೆಲಸವೇ.

ನಾನು ದಾಂಡೇಲಿಯಲ್ಲಿ ಹುಟ್ಟಿ ಬೆಳೆದ ಹೊಲೆಯರ ಹುಡುಗ. ಅಪ್ಪ ವಿಜಾಪುರದ ಕಡೆಯಿಂದ ಕಾಗದದ ಕಾರ್ಖಾನೆಗೆ ಕೂಲಿಗೆ ಬಂದವನು. ನಮ್ಮೂರಿನಲ್ಲಿ ಕಾಗದ ತಯಾರಾಗುತ್ತದೆ. ಅದಕ್ಕೆ ಬೇಕಾದ ಬಿದಿರು ಬಂದದ್ದು ಸಿದ್ದಿಗಳು, ಕುಣಬಿಗಳು, ಗೌಳಿಗಳು ಬಾಳುವ ಕಾಡಿನಿಂದ. ಆದರೆ ಜಾತಿಯ ಸರ್ಟಿಫಿಕೇಟು, ಜಮೀನಿನ ಪಟ್ಟಾ, ಪದವಿಯ ಸರ್ಟಿಫಿಕೇಟು ಎಂಬ ಮೂರು ಕಾಗದಗಳು ಆ ಜನರ ಕೈಗೆ ಬರಲು ಎಷ್ಟು ವರ್ಷ ಹಿಡಿದವು ಎಂಬುದನ್ನು ನೋಡಿದರೆ ಪಟ್ಟಿಗಳ ಬಗ್ಗೆ ಅನುಮಾನ ಹುಟ್ಟದೆ ಇರುವುದಿಲ್ಲ.

೨

ಸಾಧಕ ಪದವೀಧರರ ಪಟ್ಟಿ ಎಂದಾಗ ಮೊದಲು ನೆನಪಾಗುವುದು ಅಮೆರಿಕದ ಕಪ್ಪು ವಿಶ್ವವಿದ್ಯಾಲಯಗಳು. ಅಲ್ಲಿ ಈಗಲೂ ಸುಮಾರು ನೂರು ಅಂಥ ಸಂಸ್ಥೆಗಳಿವೆ. ೧೮೫೪ರಲ್ಲಿ ಪೆನ್ಸಿಲ್ವೇನಿಯಾದ ಲಿಂಕನ್, ೧೮೬೭ರಲ್ಲಿ ವಾಷಿಂಗ್ಟನ್ನಿನ ಹೋವರ್ಡ್, ೧೮೮೧ರಲ್ಲಿ ಅಲಬಾಮಾದ ಟಸ್ಕೀಗಿ ಹುಟ್ಟಿಕೊಂಡವು. ಬಿಳಿಯರ ಕಾಲೇಜುಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಜೀತದಿಂದ ಆಗತಾನೆ ಹೊರಬಂದಿದ್ದ ಜನರಿಗೆ ಇದ್ದದ್ದು ಇವೇ.

ಪಟ್ಟಿಯೇನೋ ದೊಡ್ಡದು. ಡು ಬಾಯ್ಸ್ ೧೮೮೮ರಲ್ಲಿ ಫಿಸ್ಕ್ ವಿಶ್ವವಿದ್ಯಾಲಯದ ಪದವಿ ಪಡೆದರು. ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ೧೯೨೯ರಲ್ಲಿ ಲಿಂಕನ್‌ನಿಂದ, ಮಾರ್ಟಿನ್ ಲೂಥರ್ ಕಿಂಗ್ ೧೯೪೮ರಲ್ಲಿ ಮೋರ್‌ಹೌಸ್‌ನಿಂದ, ಟೋನಿ ಮಾರಿಸನ್ ೧೯೫೩ರಲ್ಲಿ ಹೋವರ್ಡ್‌ನಿಂದ ಹೊರಬಂದರು. ಘಾನಾ ದೇಶವನ್ನು ೧೯೫೭ರಲ್ಲಿ ಸ್ವಾತಂತ್ರ್ಯಕ್ಕೆ ಒಯ್ದ ಎನ್‌ಕ್ರೂಮಾ ಲಿಂಕನ್‌ನಲ್ಲಿ ಓದಿದವರು. ಹ್ಯೂಸ್ ಮೊದಲು ಸೇರಿದ್ದು ಕೊಲಂಬಿಯಾ ವಿಶ್ವವಿದ್ಯಾಲಯವನ್ನು. ಬಾಬಾಸಾಹೇಬರು ಅಲ್ಲಿ ೧೯೧೩ರಿಂದ ೧೯೧೬ರವರೆಗೆ ಓದಿದ್ದರು. ೧೯೨೧ರಲ್ಲಿ ಅಲ್ಲಿಗೆ ಬಂದ ಹ್ಯೂಸ್‌ಗೆ ವರ್ಣಭೇದ ಸಾಕಾಗಿ ಒಂದೇ ವರ್ಷಕ್ಕೆ ಬಿಟ್ಟರು. ಮುಂದೆ ಪದವಿ ಮುಗಿಸಿದ್ದು ತಮ್ಮವರ ಕಾಲೇಜಿನಲ್ಲಿ.

ಆದರೆ ಪಟ್ಟಿಯನ್ನು ಓದಿ ಚಪ್ಪಾಳೆ ಹೊಡೆದು ಬಿಟ್ಟರೆ ನಮಗೆ ಏನೂ ದಕ್ಕುವುದಿಲ್ಲ. ಪಟ್ಟಿಯ ಹಿಂದಿರುವ ಸಂಸ್ಥೆ ಏನು ಮಾಡಿತು ಎಂದು ನೋಡಬೇಕು. ಹೋವರ್ಡ್‌ನ ಕಾನೂನು ಶಾಲೆಯನ್ನು ತೆಗೆದುಕೊಳ್ಳಿ. ಚಾರ್ಲ್ಸ್ ಹ್ಯಾಮಿಲ್ಟನ್ ಹೂಸ್ಟನ್ ಎಂಬ ಮೇಷ್ಟ್ರು ಅಲ್ಲಿ ಕಾನೂನು ಕಲಿಸಿದ್ದು ವಕೀಲಿ ಮಾಡಿ ಹೊಟ್ಟೆ ಹೊರೆಯಲಿ ಎಂದಷ್ಟೇ ಅಲ್ಲ. ವರ್ಣಭೇದದ ಕಾನೂನನ್ನು ಕೋರ್ಟಿನಲ್ಲೇ ಕೆಡವುವ ವಕೀಲರನ್ನು ಆತ ತಯಾರು ಮಾಡಿದ. ೧೯೩೩ರಲ್ಲಿ ಅಲ್ಲಿಂದ ಹೊರಬಂದ ಥರ್ಗುಡ್ ಮಾರ್ಷಲ್ ೧೯೫೪ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬ್ರೌನ್ ಮೊಕದ್ದಮೆ ಗೆದ್ದರು. ಶಾಲೆಗಳಲ್ಲಿ ಕಪ್ಪು ಬಿಳಿ ಮಕ್ಕಳನ್ನು ಬೇರೆ ಕೂರಿಸುವುದು ಸಂವಿಧಾನಕ್ಕೆ ವಿರುದ್ಧ ಎಂಬ ತೀರ್ಪು ಬಂತು. ಇಲ್ಲಿ ಮಾರ್ಷಲ್ ಒಬ್ಬ ‘ಸಾಧಕ’ ಎಂಬುದಕ್ಕಿಂತ, ಒಂದು ತರಗತಿಯಲ್ಲಿ ಎರಡು ದಶಕ ಮೊದಲು ಶುರುವಾದ ಕೆಲಸ ಒಬ್ಬನ ಕೈಯಲ್ಲಿ ಮುಗಿಯಿತು ಎಂಬುದು ಮುಖ್ಯ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಆ ಸಂಸ್ಥೆಗಳನ್ನು ಅತ್ಯಂತ ಕಟುವಾಗಿ ಟೀಕಿಸಿದವರು ಅಲ್ಲಿ ಓದಿದವರೇ. ಹ್ಯೂಸ್ ೧೯೩೪ರಲ್ಲಿ ‘ಕ್ರೈಸಿಸ್’ ಪತ್ರಿಕೆಯಲ್ಲಿ ಕಪ್ಪು ಕಾಲೇಜುಗಳು ಹೇಡಿಗಳನ್ನು ತಯಾರು ಮಾಡುತ್ತಿವೆ ಎಂಬರ್ಥದ ಲೇಖನ ಬರೆದರು. ಟಸ್ಕೀಗಿಯಲ್ಲಿ ಓದಿ ಪದವಿ ಮುಗಿಸದೆ ೧೯೩೬ರಲ್ಲಿ ಹೊರಟುಹೋದ ರಾಲ್ಫ್ ಎಲಿಸನ್ ೧೯೫೨ರ ತಮ್ಮ ‘ಇನ್‌ವಿಸಿಬಲ್ ಮ್ಯಾನ್’ ಕಾದಂಬರಿಯಲ್ಲಿ ಅಂಥದೇ ಒಂದು ಕಾಲೇಜನ್ನು ತಂದು ನಿಲ್ಲಿಸಿದರು. ಅದು ಬಿಳಿಯ ದಾನಿಗಳ ಮುಂದೆ ಕೈಕಟ್ಟಿ ನಿಂತ ಕಾಲೇಜು. ಹೋವರ್ಡ್‌ನಲ್ಲಿ ಕಪ್ಪು ಹುಡುಗಿಯರ ನಡುವೆಯೇ ತಿಳಿಬಣ್ಣ, ಕಡುಬಣ್ಣ ಎಂಬ ಮೇಲುಕೀಳು ಇದ್ದುದನ್ನು ಮಾರಿಸನ್ ಮುಂದೆ ಹೇಳಿಕೊಂಡಿದ್ದಾರೆ. ಆಕೆಯ ಮೊದಲ ಕಾದಂಬರಿ ‘ದ ಬ್ಲೂಯೆಸ್ಟ್ ಐ’ ಪ್ರಕಟವಾದದ್ದು ೧೯೭೦ರಲ್ಲಿ. ನೀಲಿ ಕಣ್ಣಿಗಾಗಿ ಹಂಬಲಿಸುವ ಕಪ್ಪು ಹುಡುಗಿಯ ಆ ಕಥೆ ಮೊದಲು ಮೊಳಕೆಯೊಡೆದದ್ದು ಹೋವರ್ಡ್‌ನಲ್ಲಿ ಪಾಠ ಮಾಡುತ್ತಿದ್ದಾಗಿನ ಒಂದು ಬರಹಗಾರರ ಗುಂಪಿನಲ್ಲಿ.

ಅಂದರೆ ಪಟ್ಟಿ ಬರೆದವರೂ ಪಟ್ಟಿಯನ್ನು ಪ್ರಶ್ನಿಸಿದವರೂ ಒಂದೇ ಮನೆಯವರು. ಮನೆ ತಮ್ಮದಾಗಿದ್ದರಿಂದಲೇ ಅದರ ಮಾಡು ಸೋರುತ್ತದೆ ಎಂದು ಹೇಳುವ ಹಕ್ಕು ಅವರಿಗಿತ್ತು. ಸನ್ಮಾನ ಮಾಡಿಸಿಕೊಂಡ ನಮ್ಮ ಹುಡುಗಿಗೆ ಇಲ್ಲದೆ ಹೋದದ್ದು ಈ ಹಕ್ಕು.

೩

ಸಿದ್ದಿಗಳ ಇತಿಹಾಸವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಪೋರ್ಚುಗೀಸರ ಗೋವೆಗೆ, ದಖ್ಖನಿನ ಸುಲ್ತಾನರ ಊರುಗಳಿಗೆ ಪೂರ್ವ ಆಫ್ರಿಕದಿಂದ ಜೀತಕ್ಕಾಗಿ ತರಲ್ಪಟ್ಟವರ ಮಕ್ಕಳು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡಿನಲ್ಲಿ ನೆಲೆಯಾದರು. ಹಳಿಯಾಳದ ಕಡೆ ಮುಸ್ಲಿಂ ಸಿದ್ದಿಗಳೂ ಕ್ರೈಸ್ತ ಸಿದ್ದಿಗಳೂ ಇದ್ದಾರೆ. ಯಲ್ಲಾಪುರ, ಅಂಕೋಲಾದ ಕಡೆ ಹಿಂದೂ ಸಿದ್ದಿಗಳು. ಮುಂಡಗೋಡಿನಲ್ಲೂ ಜೋಯಿಡಾದಲ್ಲೂ ಅವರ ಮನೆಗಳಿವೆ. ಮನೆಯಲ್ಲಿ ಕೊಂಕಣಿಯೋ ಉರ್ದುವೋ, ಸಂತೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಪಾಲಾಕ್ಷಪ್ಪನವರು ೧೯೭೬ರಲ್ಲಿ ಇವರ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಆಗ ಸಿದ್ದಿ ಸಂಶೋಧನೆಯ ವಸ್ತು. ಇವತ್ತಿಗೂ ಬಹುಪಾಲು ಹಾಗೆಯೇ.

ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು ೨೦೦೩ರಲ್ಲಿ. ಬೆಳಗಾವಿ, ಧಾರವಾಡ ಜಿಲ್ಲೆಯವರು ಸೇರಲು ೨೦೨೦ ಆಗಬೇಕಾಯಿತು. ಹಳಿಯಾಳದಿಂದ ಧಾರವಾಡ ಜಿಲ್ಲೆಯ ಗಡಿ ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಆ ಗಡಿಯ ಈಚೆಗಿನ ಅಣ್ಣನಿಗೂ ಆಚೆಗಿನ ತಮ್ಮನಿಗೂ ನಡುವೆ ಕಾಗದದ ಲೆಕ್ಕದಲ್ಲಿ ಹದಿನೇಳು ವರ್ಷದ ಅಂತರ. ೨೦೦೩ರಲ್ಲಿ ಜಾರಿಗೆ ಬಂದ ಅದೇ ಕಾಯಿದೆ ಗೋವೆಯ ಕುಣಬಿಗಳನ್ನೂ ಪಟ್ಟಿಗೆ ಸೇರಿಸಿತು. ಗಡಿಯ ಈಚೆಗಿನ ಜೋಯಿಡಾದ ಕುಣಬಿಗಳು ಮಾತ್ರ ದಶಕಗಳಿಂದ ಕೇಳುತ್ತ ಬಂದಿದ್ದಾರೆ. ಜೋಯಿಡಾ ಎಂದರೆ ಕಾಳಿ ನದಿಗೆ ಕಟ್ಟಿದ ಅಣೆಕಟ್ಟಿನಲ್ಲಿ ಹಳೆಯ ಸೂಪಾ ಊರನ್ನೇ ಮುಳುಗಿಸಿ ನಾಡಿಗೆ ಬೆಳಕು ಕೊಟ್ಟ ತಾಲೂಕು. ಹೀಗೆ ಸಾಧಕರ ಪಟ್ಟಿಗೆ ಮೊದಲೇ ಇನ್ನೊಂದು ಪಟ್ಟಿ ಇರುತ್ತದೆ. ಅದರಲ್ಲಿ ಹೆಸರಿಲ್ಲದವನಿಗೆ ಹಾಸ್ಟೆಲ್ಲೂ ಇಲ್ಲ, ಫೀಜಿನ ರಿಯಾಯಿತಿಯೂ ಇಲ್ಲ.

ಈ ಹಿನ್ನೆಲೆಯಲ್ಲಿ ‘ಮೊದಲ ಪದವೀಧರ’ ಎಂಬ ಪದವನ್ನು ಓದಬೇಕು. ಶಾಂತಾರಾಮ ಸಿದ್ದಿಯವರನ್ನು ೨೦೨೦ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣ ಮಾಡಿದಾಗ ಪತ್ರಿಕೆಗಳು ಅವರನ್ನು ಸಮುದಾಯದ ಮೊದಲ ಪದವೀಧರ, ಮೊದಲ ಶಾಸಕ ಎಂದು ಬರೆದವು. ಸಂತೋಷದ ಸಂಗತಿ. ಆ ಸಂತೋಷವನ್ನು ಅಲ್ಲಗಳೆಯುವ ದರಿದ್ರ ಬುದ್ಧಿ ನನಗಿಲ್ಲ. ಆದರೆ ‘ಮೊದಲ’ ಎಂಬ ಪದ ಯಾರನ್ನು ಹೊಗಳುತ್ತದೆ? ಶಾಲೆಗಳು, ಕಾಲೇಜುಗಳು, ಸರ್ಕಾರಗಳು ಇಷ್ಟು ಕಾಲ ಯಾಕೆ ಒಬ್ಬನನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ ಎಂಬ ಪ್ರಶ್ನೆ ಆ ಪದದ ಹೊಟ್ಟೆಯೊಳಗೇ ಇದೆ. ಪತ್ರಿಕೆ ಅದನ್ನು ಹಾರವಾಗಿ ಅವರ ಕೊರಳಿಗೆ ಹಾಕುತ್ತದೆ. ಉಳಿದವರ ತಪ್ಪು ಅವನ ಹೆಗ್ಗಳಿಕೆಯಾಗಿ ಬದಲಾಗುತ್ತದೆ.

ಅವರು ಬಹುಕಾಲ ದುಡಿದದ್ದು ವನವಾಸಿ ಕಲ್ಯಾಣದ ಕೆಲಸದಲ್ಲಿ. ಸಂಘ ಪರಿವಾರದ ಆ ಸಂಸ್ಥೆಯ ರಾಜಕಾರಣದ ಬಗ್ಗೆ ನನಗೆ ತಕರಾರುಗಳಿವೆ. ಆದರೆ ತಕರಾರಿಗಿಂತ ಮುಂಚೆ ಒಂದು ಆತ್ಮವಿಮರ್ಶೆ ಬೇಕು. ಅವರು ಕಾಡಿನೊಳಗೆ ಹೋಗಿ ಹಾಸ್ಟೆಲ್ ತೆರೆದರು. ಕ್ರೈಸ್ತ ಮಿಷನರಿಗಳೂ ಶಾಲೆ ತೆರೆದರು. ನಾವು ಏನು ತೆರೆದೆವು?

ಎರಡನೆಯ ಉದಾಹರಣೆ ಕ್ರೀಡೆಯದು. ೧೯೮೭ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಸ್ಪೆಷಲ್ ಏರಿಯಾ ಗೇಮ್ಸ್ ಎಂಬ ಯೋಜನೆಯಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ಯಿತು. ಕೆಲವರು ರಾಷ್ಟ್ರಮಟ್ಟದಲ್ಲಿ ಪದಕ ತಂದರು. ಕೆಲವರಿಗೆ ನೌಕರಿ ಸಿಕ್ಕಿತು. ೧೯೯೦ರ ದಶಕದಲ್ಲಿ ಯೋಜನೆ ನಿಂತಿತು. ಅನೇಕ ಮಕ್ಕಳು ಮರಳಿ ಕೂಲಿಗೆ ಬಂದರು. ಯೋಜನೆಯ ಹಿಂದಿನ ತರ್ಕ ಸರಳ: ಆಫ್ರಿಕದ ಮೈ, ಆದ್ದರಿಂದ ಓಡುತ್ತದೆ. ಓಡದ ಸಿದ್ದಿಗೆ, ಗಣಿತ ಬರುವ ಸಿದ್ದಿಗೆ, ಪದ್ಯ ಬರೆಯುವ ಸಿದ್ದಿಗೆ ಆ ಯೋಜನೆಯಲ್ಲಿ ಜಾಗವಿರಲಿಲ್ಲ. ಟಸ್ಕೀಗಿಯ ಬೂಕರ್ ವಾಷಿಂಗ್ಟನ್ ಕಪ್ಪು ಜನರಿಗೆ ಮೊದಲು ಕೈಕಸುಬು ಕಲಿಸಿ ಎಂದಾಗ, ಡು ಬಾಯ್ಸ್ ೧೯೦೩ರಲ್ಲಿ ತಲೆಗೂ ಓದು ಬೇಕು ಎಂದು ಜಗಳ ತೆಗೆದರು. ನಮ್ಮಲ್ಲಿ ಆ ಜಗಳವೇ ನಡೆಯಲಿಲ್ಲ. ಯಾಕೆಂದರೆ ಜಗಳವಾಡುವ ಎರಡು ಕಡೆಯವರೂ ಸಿದ್ದಿಗಳಾಗಿರಲಿಲ್ಲ.

ಮೂರನೆಯದು ರಂಗಭೂಮಿ ಮತ್ತು ಸಿನಿಮಾ. ಇಲ್ಲಿ ಚಿತ್ರ ಸ್ವಲ್ಪ ಬೇರೆ. ೧೯೮೦ರ ದಶಕದಲ್ಲಿ ಹೆಗ್ಗೋಡಿನ ನೀನಾಸಂನ ಚಿದಂಬರರಾವ್ ಜಂಬೆಯವರು ಸಿದ್ದಿಗಳನ್ನೇ ಕಟ್ಟಿಕೊಂಡು ‘ಕಪ್ಪು ಜನ ಕೆಂಪು ನೆರಳು’ ನಾಟಕ ಮಾಡಿಸಿದರು. ಅದರ ಮೂಲ ಚಿನುವಾ ಅಚಿಬೆ ೧೯೫೮ರಲ್ಲಿ ಬರೆದ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿ. ಇದು ಸಾಮಾನ್ಯ ಘಟನೆಯಲ್ಲ. ಸಿದ್ದಿಯನ್ನು ಕುಣಿಯಲು ಕರೆಯದೆ ಮಾತಾಡಲು ಕರೆದದ್ದು, ಆಫ್ರಿಕದ ಒಂದು ದೊಡ್ಡ ಬರಹವನ್ನು ಕನ್ನಡದಲ್ಲಿ ಅವನ ಬಾಯಿಗೆ ಕೊಟ್ಟದ್ದು ಅಲ್ಲಿ. ವಸಾಹತುಶಾಹಿ ಹೇಗೆ ಒಂದು ಹಳ್ಳಿಯನ್ನು ಒಡೆಯಿತು ಎಂಬ ಕಥೆಯನ್ನು, ವಸಾಹತುಶಾಹಿಯೇ ಊರು ಬಿಡಿಸಿದ ಜನರ ಮಕ್ಕಳು ಆಡಿದರು. ಮುಂದೆ ಪ್ರಶಾಂತ್ ಸಿದ್ದಿ, ಗಿರಿಜಾ ಸಿದ್ದಿ ಮೊದಲಾದವರು ನೀನಾಸಂನಲ್ಲಿ ಕಲಿತು ಬಂದದ್ದಕ್ಕೆ ಇಂಥ ಒಂದು ದಾರಿ ಮೊದಲೇ ಸವೆದಿತ್ತು ಎಂಬುದನ್ನು ಮರೆಯಬಾರದು.

ಆದರೂ ಸಿನಿಮಾ ಅವರಿಂದ ಏನು ಕೇಳಿತು ನೋಡಿ. ಪ್ರಶಾಂತ್ ೨೦೧೧ರ ‘ಪರಮಾತ್ಮ’ದಿಂದ ಹಿಡಿದು ಹಲವು ಚಿತ್ರಗಳಲ್ಲಿ ನಟಿಸಿದ್ದಾರೆ. ರಂಗಶಿಕ್ಷಣ ಪಡೆದ ನಟನಿಗೆ ಬಹುಪಾಲು ಸಿಕ್ಕಿದ್ದು ನಾಯಕನ ಪಕ್ಕದ ಪಾತ್ರ, ನಗಿಸುವ ಪಾತ್ರ. ೨೦೨೧ರ ‘ಸಲಗ’ ಚಿತ್ರದ ಒಂದು ಹಾಡಿನಲ್ಲಿ ಗಿರಿಜಾ ಸಿದ್ದಿ, ಗೀತಾ ಸಿದ್ದಿ ಇವರ ದನಿ ಕೇಳಿ ನಾಡೇ ಕುಣಿಯಿತು. ಹಾಡು ಹಿಟ್ಟಾಯಿತು. ಕಲ್ಯಾಣಮಂಟಪಗಳಲ್ಲಿ, ಕಾಲೇಜಿನ ಗ್ಯಾದರಿಂಗಿನಲ್ಲಿ ಅದನ್ನು ಹಾಕಿದರು. ಅದು ಯಾವ ಜನರ ಹಾಡು, ಅವರು ಈ ರಾಜ್ಯದಲ್ಲಿ ಎಲ್ಲಿದ್ದಾರೆ ಎಂದು ಕೇಳಿದವರು ಎಷ್ಟು? ಕಲಾವಿದರ ಪ್ರತಿಭೆಯ ಬಗ್ಗೆ ನನ್ನ ಪ್ರಶ್ನೆಯಿಲ್ಲ. ನೋಡುವವರ ಕಣ್ಣಿನ ಬಗ್ಗೆ ಇದೆ. ಮೈ, ದನಿ, ಬಣ್ಣ ಇಷ್ಟನ್ನೇ ಆ ಕಣ್ಣು ಆಯ್ದುಕೊಳ್ಳುತ್ತದೆ.

ಅದೇ ೨೦೨೦ರಲ್ಲಿ ಕಮಲಾ ಹ್ಯಾರಿಸ್ ಅಮೆರಿಕದ ಉಪಾಧ್ಯಕ್ಷೆಯಾಗಿ ಗೆದ್ದರು. ಆಕೆ ೧೯೮೬ರಲ್ಲಿ ಹೋವರ್ಡ್‌ನಿಂದ ಪದವಿ ಪಡೆದವರು. ನಮ್ಮ ಪತ್ರಿಕೆಗಳು ಆಕೆಯ ತಾಯಿಯ ಕಡೆಯ ಊರು ತಮಿಳುನಾಡಿನ ತುಳಸೇಂದ್ರಪುರವನ್ನು ಹುಡುಕಿ, ಅಲ್ಲಿನ ದೇವಸ್ಥಾನದ ಪೂಜೆಯ ಫೋಟೋ ಹಾಕಿದವು. ತಾಯಿಯ ಜಾತಿ ನೆನಪಾಯಿತು. ತಂದೆಯ ಬಣ್ಣ, ಓದಿದ ಕಪ್ಪು ವಿಶ್ವವಿದ್ಯಾಲಯ ಮೂಲೆ ಸೇರಿದವು. ಒಂದೇ ವರ್ಷದಲ್ಲಿ ಒಬ್ಬ ಕಪ್ಪು ಪದವೀಧರೆಯನ್ನು ತಮ್ಮವಳೆಂದು ಎತ್ತಿಕೊಳ್ಳಲು ಆಕೆಯ ಕಪ್ಪನ್ನು ಮರೆಸಿದರು. ಇನ್ನೊಬ್ಬ ಕಪ್ಪು ಪದವೀಧರನನ್ನು ಸುದ್ದಿ ಮಾಡಲು ಅವನ ಕಪ್ಪನ್ನು ಮಾತ್ರ ತೋರಿಸಿದರು. ಎರಡೂ ಒಂದೇ ಯಜಮಾನ ದೃಷ್ಟಿಯ ಎರಡು ಕೈಚಳಕ.

೪

ಮುಂಡಗೋಡಿಗೆ ಬರೋಣ. ಅಲ್ಲಿ ನಮ್ಮ ಕಣ್ಣೆದುರಿಗೇ ಇನ್ನೊಂದು ಉದಾಹರಣೆಯಿದೆ. ೧೯೬೬ರಲ್ಲಿ ಟಿಬೆಟಿನ ನಿರಾಶ್ರಿತರಿಗಾಗಿ ಅಲ್ಲಿ ಒಂದು ನೆಲೆ ಕೊಡಲಾಯಿತು. ದೇಶ ಕಳೆದುಕೊಂಡು ಬಂದ ಆ ಜನ ಮನೆ ಕಟ್ಟಿಕೊಂಡರು, ಜೋಳ ಬೆಳೆದರು. ಜೊತೆಗೆ ಹದಿನೈದನೆಯ ಶತಮಾನದಲ್ಲಿ ಲಾಸಾದ ಬಳಿ ಹುಟ್ಟಿದ್ದ ಗಾಂಡೆನ್, ಡ್ರೆಪುಂಗ್ ಎಂಬ ಎರಡು ಮಹಾವಿಹಾರಗಳನ್ನು ಆ ಕಾಡಂಚಿನಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸಿದರು. ಅವು ನಿಜವಾದ ಅರ್ಥದಲ್ಲಿ ವಿಶ್ವವಿದ್ಯಾಲಯಗಳು. ಅಂಗಳದಲ್ಲಿ ಭಿಕ್ಷುಗಳು ಚಪ್ಪಾಳೆ ತಟ್ಟಿ ತರ್ಕ ಮಾಡುತ್ತಾರೆ. ಹತ್ತಿಪ್ಪತ್ತು ವರ್ಷ ಓದಿ ಗೆಶೆ ಪದವಿ ಪಡೆಯುತ್ತಾರೆ. ೨೦೧೬ರಲ್ಲಿ ೨೦ ಮಂದಿ ಸನ್ಯಾಸಿನಿಯರಿಗೆ ಮೊದಲ ಬಾರಿಗೆ ಗೆಶೆಮಾ ಪದವಿ ಸಿಕ್ಕಿದ್ದೂ ಮುಂಡಗೋಡಿನಲ್ಲೇ. ಅಲ್ಲೂ ‘ಮೊದಲ’ ಎಂಬ ಪದವಿದೆ. ಆದರೆ ಅದು ಒಬ್ಬರ ಹೆಸರಲ್ಲ, ೨೦ ಜನರ ಒಂದು ತಂಡ. ಪದವಿ ಕೊಟ್ಟದ್ದೂ ಅವರದೇ ಪರಂಪರೆ. ಹೆಣ್ಣುಮಕ್ಕಳನ್ನು ಇಷ್ಟು ಕಾಲ ಹೊರಗಿಟ್ಟ ತಪ್ಪೂ ಅವರದೇ. ತಿದ್ದಿಕೊಂಡದ್ದೂ ಅವರೇ.

ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಊರು ಕಳೆದುಕೊಂಡವರ ಸಂಕಟ ಊರು ಕಳೆದುಕೊಂಡವರಿಗೇ ಗೊತ್ತು. ಆದರೆ ಮುಂಡಗೋಡಿನ ಬಸ್ ಸ್ಟ್ಯಾಂಡಿನಲ್ಲಿ ಕೆಂಪು ವಸ್ತ್ರದ ಭಿಕ್ಷುವಿನ ಪಕ್ಕದಲ್ಲಿ ಕೂಲಿಗೆ ಹೊರಟ ಸಿದ್ದಿ ನಿಂತಿರುವಾಗ ಒಂದು ಪ್ರಶ್ನೆ ಏಳಲೇಬೇಕು. ಅರ್ಧ ಶತಮಾನದ ಹಿಂದೆ ಬಂದವರಿಗೆ ವಿಶ್ವವಿದ್ಯಾಲಯವಿದೆ, ಶತಮಾನಗಳ ಹಿಂದೆ ಬಂದವರಿಗೆ ಯಾಕಿಲ್ಲ? ಉತ್ತರ ಜಾಣತನದಲ್ಲಿಲ್ಲ, ರಕ್ತದಲ್ಲಿಲ್ಲ. ಟಿಬೆಟನ್ನರು ತಮ್ಮ ಗುರುಗಳ ಜೊತೆ, ಗ್ರಂಥಗಳ ಜೊತೆ, ಒಂದು ಸಮುದಾಯವಾಗಿ ಬಂದರು. ಸರ್ಕಾರ ನೆಲ ಕೊಟ್ಟಿತು, ಜಗತ್ತು ನೆರವು ಕೊಟ್ಟಿತು. ಸಿದ್ದಿಗಳನ್ನು ಒಬ್ಬೊಬ್ಬರನ್ನಾಗಿ ಹಿಡಿದು ಮಾರಿ ತಂದರು. ಭಾಷೆ, ದೇವರು, ಹೆಸರು ಮೂರನ್ನೂ ಕಿತ್ತುಕೊಂಡರು. ನೆಲ ಕೇಳಿದರೆ ಅರಣ್ಯ ಅತಿಕ್ರಮಣದ ಕೇಸು. ಅರಣ್ಯ ಹಕ್ಕು ಕಾಯಿದೆ ೨೦೦೬ರಲ್ಲಿ ಬಂದಮೇಲೂ ಅರ್ಜಿ ಹಿಡಿದು ಅಲೆಯುವುದು ತಪ್ಪಲಿಲ್ಲ. ನೆಲ, ಗುಂಪು, ಗುರು ಈ ಮೂರು ಕೂಡಿದಲ್ಲಿ ವಿಶ್ವವಿದ್ಯಾಲಯ ಏಳುತ್ತದೆ. ಮೂರೂ ತಪ್ಪಿದಲ್ಲಿ ‘ಮೊದಲ ಪದವೀಧರ’ ಎಂಬ ಒಂಟಿ ಮನುಷ್ಯ ಕಾಣಿಸಿಕೊಳ್ಳುತ್ತಾನೆ.

೫

ಈಗ ನಮ್ಮ ಮನೆಯ ಮಾತು.

ಮಹಾರಾಷ್ಟ್ರದ ದಲಿತ ಯುವಕರು ೧೯೭೨ರಲ್ಲಿ ತಮ್ಮ ಸಂಘಟನೆಗೆ ಪ್ಯಾಂಥರ್ ಎಂದು ಹೆಸರಿಟ್ಟದ್ದು ಅಮೆರಿಕದ ಬ್ಲ್ಯಾಕ್ ಪ್ಯಾಂಥರರ ನೆನಪಿನಲ್ಲಿ. ಅದಕ್ಕೂ ಮುಂಚೆ ೧೯೪೬ರಲ್ಲಿ ಬಾಬಾಸಾಹೇಬರೇ ಡು ಬಾಯ್ಸ್‌ಗೆ ಕಾಗದ ಬರೆದಿದ್ದರು. ನೀಗ್ರೋಗಳು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕಳಿಸಿ ಎಂದು ಕೇಳಿದ್ದರು. ಡು ಬಾಯ್ಸ್ ಉತ್ತರವನ್ನೂ ಬರೆದರು. ಕರ್ನಾಟಕದಲ್ಲಿ ೧೯೭೩ರ ಬೂಸಾ ಗಲಾಟೆಯ ನಂತರ ಹಾಸ್ಟೆಲ್ಲುಗಳಿಂದ ಎದ್ದುಬಂದ ನಮ್ಮ ಪೀಳಿಗೆಯ ಅಣ್ಣಂದಿರು ಕಪ್ಪು ಸಾಹಿತ್ಯವನ್ನು ಬಾಯಿಪಾಠ ಮಾಡಿದ್ದರು. ನಾವೂ ಮಾಡಿದೆವು. ಹ್ಯೂಸ್, ಮಾಲ್ಕಂ ಎಕ್ಸ್ ಎಂದು ಭಾಷಣ ಮಾಡಿ ಇಳಿದು, ದಾಂಡೇಲಿಗೆ ಹೋಗುವ ಬಸ್ಸು ಹತ್ತಿ, ಪಕ್ಕದ ಸೀಟಿನಲ್ಲಿ ಕೂತ ಸಿದ್ದಿಯ ಹೆಸರು ಕೇಳದೆ ಇಳಿದುಹೋದೆವು. ನಾನೂ ಹಾಗೆ ಇಳಿದವನೇ. ಶಾಲೆಯಲ್ಲಿ ಸಿದ್ದಿ ಹುಡುಗನೊಬ್ಬನನ್ನು ‘ಏ ಆಫ್ರಿಕಾ’ ಎಂದು ಕರೆದವರಲ್ಲಿ ನಾನೂ ಇದ್ದೆ. ನನ್ನನ್ನು ಜಾತಿ ಹಿಡಿದು ಕರೆದಾಗ ಉರಿದ ಹೊಟ್ಟೆ, ಅವನನ್ನು ಕರೆದಾಗ ಉರಿಯಲಿಲ್ಲ. ದೂರದ ಕಪ್ಪು ನಮಗೆ ಸಿದ್ಧಾಂತವಾಗಿತ್ತು, ಪಕ್ಕದ ಕಪ್ಪು ನಗೆಪಾಟಲಾಗಿತ್ತು.

ಇದಕ್ಕೆ ಕಾರಣಗಳಿಲ್ಲದೆ ಇಲ್ಲ. ಸಿದ್ದಿಗಳನ್ನು ಊರ ಹೊರಗೆ ಇಟ್ಟದ್ದಕ್ಕಿಂತ ಊರಿನ ಲೆಕ್ಕದಿಂದಲೇ ಹೊರಗೆ ಇಟ್ಟದ್ದು ಹೆಚ್ಚು. ಅವರು ಮೂರು ಧರ್ಮಗಳಲ್ಲಿ ಹಂಚಿಹೋಗಿದ್ದಾರೆ. ಅವರು ದಲಿತರೋ, ಆದಿವಾಸಿಗಳೋ, ಅಲ್ಪಸಂಖ್ಯಾತರೋ ಎಂಬ ಗೊಂದಲ ನಮ್ಮ ಕಾರ್ಯಕರ್ತರಿಗಿತ್ತು. ಆದರೆ ತೋಟದ ಒಡೆಯರ ಮನೆಯಲ್ಲಿ ತಲೆಮಾರುಗಟ್ಟಲೆ ಸಾಲಕ್ಕೆ ದುಡಿದವರನ್ನು ಗುರುತಿಸಲು ಪಟ್ಟಿ ಬೇಕಾಗಿರಲಿಲ್ಲ. ಸರ್ಕಾರದ ವರ್ಗೀಕರಣವನ್ನೇ ನಮ್ಮ ವಿಮರ್ಶೆಯ ಗಡಿ ಮಾಡಿಕೊಂಡದ್ದು ನಮ್ಮ ತಪ್ಪು.

ಹಾಗೆಂದು ನಮಗೆ ಸಂಸ್ಥೆ ಕಟ್ಟಿ ಗೊತ್ತಿಲ್ಲವೆಂದಲ್ಲ. ಬಾಬಾಸಾಹೇಬರು ೧೯೪೫ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ ಕಟ್ಟಿದರು. ಮರುವರ್ಷ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು, ೧೯೫೦ರಲ್ಲಿ ಔರಂಗಾಬಾದಿನಲ್ಲಿ ಮಿಲಿಂದ ಮಹಾವಿದ್ಯಾಲಯ. ಮರಾಠಿ ದಲಿತ ಸಾಹಿತ್ಯದ ಒಂದು ದೊಡ್ಡ ಪಾಲು ಮಿಲಿಂದದ ಅಂಗಳದಲ್ಲಿ ಬೆಳೆಯಿತು. ನಮ್ಮಲ್ಲಿ ಎಚ್.ಎಂ. ಗಂಗಾಧರಯ್ಯನವರು ೧೯೫೯ರಲ್ಲಿ ತುಮಕೂರಿನಲ್ಲಿ ಸಿದ್ಧಾರ್ಥ ಸಂಸ್ಥೆ ಶುರು ಮಾಡಿದರು. ಹೋವರ್ಡ್, ಲಿಂಕನ್‌ಗಳ ನೆಂಟಸ್ತಿಕೆ ಹುಡುಕುವುದಾದರೆ ಇಲ್ಲಿ ಹುಡುಕಬೇಕು.

ಒಂದು ಸಂಗತಿಯನ್ನು ನಾವು ಯಾರೂ ಹೇಳಿಕೊಂಡಿಲ್ಲ. ಮಿಲಿಂದ ಕಾಲೇಜು ನಿಂತಿರುವ ಆ ಔರಂಗಾಬಾದನ್ನು ಕಟ್ಟಿದವನು ಯಾರು? ಖಡ್ಕಿ ಎಂಬ ಹೆಸರಿನಲ್ಲಿ ೧೬೧೦ರಲ್ಲಿ ಅದನ್ನು ಕಟ್ಟಿದವನು ಮಲಿಕ್ ಅಂಬರ್. ಇಥಿಯೋಪಿಯಾದಿಂದ ಜೀತಕ್ಕೆ ಮಾರಲ್ಪಟ್ಟು, ಅಹಮದ್‌ನಗರದ ರಾಜ್ಯವನ್ನೇ ನಡೆಸಿ, ಮೊಘಲರನ್ನು ತಡೆದು ನಿಲ್ಲಿಸಿದ ಹಬ್ಶಿ. ಒಬ್ಬ ಕಪ್ಪು ಜೀತಗಾರ ಕಟ್ಟಿದ ಊರಿನಲ್ಲಿ ಒಬ್ಬ ಅಸ್ಪೃಶ್ಯ ನಮ್ಮ ಮೊದಲ ಕಾಲೇಜುಗಳಲ್ಲೊಂದನ್ನು ಕಟ್ಟಿದ. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಬಾಬಾಸಾಹೇಬರ ಹೆಸರಿಡಲು ೧೯೭೮ರಿಂದ ಹೋರಾಡಿ, ಮನೆ ಸುಡಿಸಿಕೊಂಡು, ಹೆಣ ಬಿದ್ದು, ಕೊನೆಗೆ ೧೯೯೪ರಲ್ಲಿ ಹೆಸರು ಬಂತು. ಸಿದ್ದಿಗೂ ದಲಿತನಿಗೂ ಏನು ಸಂಬಂಧ ಎಂದು ಕೇಳುವವರಿಗೆ ಈ ಊರೇ ಉತ್ತರ.

೬

ಸಂಸ್ಥೆ ಕಟ್ಟಿದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂಬ ಭ್ರಮೆ ಬೇಡ. ಬಾಬಾಸಾಹೇಬರು ೧೯೫೬ರಲ್ಲಿ ಆಗ್ರಾದಲ್ಲಿ ಮಾತಾಡುತ್ತ, ಓದಿದವರು ತಮಗೆ ಮೋಸ ಮಾಡಿದರೆಂದು ನೊಂದುಕೊಂಡರು. ಡು ಬಾಯ್ಸ್ ಕೂಡ ೧೯೦೩ರಲ್ಲಿ ಸಮುದಾಯದ ಹತ್ತರಲ್ಲೊಬ್ಬ ಪ್ರತಿಭಾವಂತ ಉಳಿದವರನ್ನು ಎತ್ತುತ್ತಾನೆ ಎಂದು ನಂಬಿದ್ದರು. ೧೯೪೮ರ ಹೊತ್ತಿಗೆ, ಆ ಹತ್ತರಲ್ಲೊಬ್ಬ ತನ್ನನ್ನು ತಾನೇ ಎತ್ತಿಕೊಳ್ಳುವ ಸಂಭವವೇ ಹೆಚ್ಚೆಂದು ತಮ್ಮ ಮಾತನ್ನು ತಾವೇ ತಿದ್ದಿಕೊಂಡರು. ಅರವಿಂದ ಮಾಲಗತ್ತಿಯವರು ೧೯೯೪ರಲ್ಲಿ ತಮ್ಮ ಆತ್ಮಕಥನಕ್ಕೆ ‘ಗೌರ್ಮೆಂಟ್ ಬ್ರಾಹ್ಮಣ’ ಎಂದು ಹೆಸರಿಟ್ಟರು. ಓದಿದ ದಲಿತನಿಗೆ ಸಮಾಜ ಇಡುವ ಅಡ್ಡಹೆಸರನ್ನೇ ತಲೆಬರಹ ಮಾಡಿದರು. ಓದಿ ಮೇಲೆ ಬಂದವನು ಎರಡೂ ಕಡೆ ಪರಕೀಯನಾಗುವ ಸಂಕಟ ಆ ಹೆಸರಿನಲ್ಲಿದೆ.

ಸಾಧನೆ ಎಂದರೆ ಪದವಿಯೇ ಎಂಬುದೂ ಒಪ್ಪತಕ್ಕ ಮಾತಲ್ಲ. ಗುಜರಾತಿನ ಸಿದ್ದಿ ಹೆಣ್ಣುಮಗಳು ಹೀರಾಬಾಯಿ ಲೋಬಿಗೆ ೨೦೨೩ರಲ್ಲಿ ಪದ್ಮಶ್ರೀ ಬಂತು. ಆಕೆ ಪದವೀಧರೆಯಲ್ಲ. ಆದರೆ ಗಿರ್ ಕಡೆಯ ತಮ್ಮ ಹೆಂಗಸರನ್ನು ಸಂಘ ಕಟ್ಟಿ ನಿಲ್ಲಿಸಿದವರು, ಮಕ್ಕಳಿಗೆ ಬಾಲವಾಡಿ ತೆರೆದವರು. ತಾನು ಏರಿದ್ದೆಷ್ಟು ಎಂಬ ಲೆಕ್ಕದಿಂದಲ್ಲ, ತನ್ನ ಹಿಂದೆ ಎಷ್ಟು ಜನಕ್ಕೆ ದಾರಿ ಬಿಟ್ಟೆ ಎಂಬ ಲೆಕ್ಕದಿಂದ ಈಕೆ ಸಾಧಕಿ.

ಆದ್ದರಿಂದ ಸಾಧಕರ ಪಟ್ಟಿ ಕೈಗೆ ಬಂದಾಗ ನಮ್ಮ ವಿಮರ್ಶೆ ಮೂರು ಪ್ರಶ್ನೆ ಕೇಳಬೇಕು. ಈ ಪಟ್ಟಿ ಬರೆದ ಕೈ ಯಾರದು? ಆ ಸಮುದಾಯದ್ದೇ ಅಥವಾ ಅದನ್ನು ನೋಡಿ ಖುಷಿಪಡುವವರದೇ? ಎರಡನೆಯದು, ಈ ಸಾಧಕನಿಂದ ಏನನ್ನು ಕೇಳಲಾಗಿದೆ? ಮೈಯನ್ನೋ, ದನಿಯನ್ನೋ, ತಿಳಿವಳಿಕೆಯನ್ನೋ? ಮೂರನೆಯದು, ಇವನು ಹಾದುಬಂದ ಬಾಗಿಲು ಇವನ ಹಿಂದೆ ಮುಚ್ಚಿಕೊಂಡಿತೋ ತೆರೆದೇ ಇದೆಯೋ? ಮೂರನೆಯ ಪ್ರಶ್ನೆಗೆ ಉತ್ತರ ಸನ್ಮಾನಪತ್ರದಲ್ಲಿ ಸಿಗುವುದಿಲ್ಲ. ಹಾಸ್ಟೆಲ್ಲಿನ ಹಾಜರಿ ಪುಸ್ತಕದಲ್ಲಿ ಸಿಗುತ್ತದೆ. ಹತ್ತನೆಯ ತರಗತಿಗೆ ಬಂದ ಸಿದ್ದಿ ಮಕ್ಕಳು ಎಷ್ಟು, ನಡುವೆ ಬಿಟ್ಟವರು ಎಷ್ಟು, ಅದರಲ್ಲಿ ಹುಡುಗಿಯರು ಎಷ್ಟು ಎಂಬ ಲೆಕ್ಕ ಅಲ್ಲಿದೆ. ಆ ಪುಸ್ತಕ ಓದುವುದನ್ನು ನಾವು ವಿಮರ್ಶೆ ಎಂದು ಕರೆಯಲು ಕಲಿಯಬೇಕು.

ಕೆಲಸವೂ ಇದೆ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡು ಈ ನಾಲ್ಕು ತಾಲೂಕಿನಲ್ಲಿ ನೌಕರಿಯಲ್ಲಿರುವ ದಲಿತ ಮೇಷ್ಟ್ರುಗಳು, ಉಪನ್ಯಾಸಕರು ಕಡಿಮೆ ಜನರಿಲ್ಲ. ಏಪ್ರಿಲ್ ಹದಿನಾಲ್ಕಕ್ಕೆ ಸ್ಟೇಜು ಕಟ್ಟುವ ನಾವು, ವಾರಕ್ಕೆ ಒಂದು ದಿನ ಒಂದು ಸಿದ್ದಿ ವಾಡೆಗೆ ಹೋಗಿ ಮಕ್ಕಳಿಗೆ ಗಣಿತ, ಇಂಗ್ಲಿಷು ಹೇಳಿಕೊಟ್ಟರೆ ಅದೇ ನಮ್ಮ ಲಿಂಕನ್, ನಮ್ಮ ಮಿಲಿಂದ. ಅವರಲ್ಲಿ ಬರೆಯುವವರಿದ್ದರೆ ಬರೆಸೋಣ. ಅವರು ನಮ್ಮನ್ನೇ ಬೈದು ಬರೆದರೂ ಅಚ್ಚು ಹಾಕೋಣ. ಈ ವಿಶೇಷಾಂಕದಲ್ಲಿ ಸಿದ್ದಿ ಲೇಖಕರೊಬ್ಬರ ಬದಲು ನಾನು ಬರೆಯುತ್ತಿದ್ದೇನೆ ಎಂಬುದು ಈ ಲೇಖನದ ದೊಡ್ಡ ಕೊರತೆ. ಅದನ್ನು ಒಪ್ಪಿಕೊಂಡೇ ಬರೆದಿದ್ದೇನೆ.

ಆ ಹುಡುಗಿಯನ್ನು ಆಮೇಲೆ ಒಮ್ಮೆ ಹಳಿಯಾಳದ ಸಂತೆಯಲ್ಲಿ ಕಂಡೆ. ಹತ್ತಿರದ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿಯಾಗಿದ್ದಳು. ಸಂಬಳ ಕಡಿಮೆ, ಅದೂ ತಡವಾಗಿ ಬರುತ್ತದೆ. "ಸನ್ಮಾನ ಮಾಡಿದವ್ರು ಮತ್ತ ಕರದಿದ್ರೇನವ್ವಾ?" ಅಂತ ಕೇಳಿದೆ. "ಕರದಿದ್ರು ಸರ. ಬರ್ತೀನಿ, ಆದ್ರ ನಾ ಒಂದು ಹತ್ತು ಮಿನಿಟು ಮಾತಾಡ್ತೀನಿ ಅಂದೆ. ನೋಡಿ ಹೇಳ್ತೀವಿ ಅಂದ್ರು." ಹೇಳಿ ನಕ್ಕಳು. ಕೈಯಲ್ಲಿದ್ದ ಚೀಲದಲ್ಲಿ ಮಕ್ಕಳ ಕಾಪಿ ಪುಸ್ತಕಗಳಿದ್ದವು. ತಿದ್ದುವುದು ಬಾಕಿ ಇದೆ ಅಂತ ಬಸ್ಸಿಗೆ ಹೊರಟಳು.